ತಾಯಿಯಿಂದ ಕೂಸಿಗೆ ಸೋಂಕು ದಾಟಬಾರದು: ಫೋನ್ ಹಿಂಗ ಬಳಸ್ರಿ

ನಾನು ಮುಂಡರಗಿ ತಾಲೂಕಿನ ಆಶಾ ಕಾರ್ಯಕರ್ತೆ. ಬಸುರಿ ಹೆಣ್ಮಕ್ಕಳ ಹೆಸರು ಬರ್ಕೊಳ್ಳುವಾಗ ಭಾಳ ಹೊತ್ತು ಹಿಡಿಯೋದು ಒಂದ ಪ್ರಶ್ನೆಗೆ: "ಯಾರ ನಂಬರ್ ಬರೀಲಿ, ತಂಗಿ?"

ತಾಯಿ ಕಾರ್ಡ್ ಮಾಡಿಸುವಾಗ ಕೊಟ್ಟ ನಂಬರ್ ಆರ್‌ಸಿಎಚ್ ಅನ್ನೋ ತಾಯಿ-ಕೂಸಿನ ಆರೋಗ್ಯದ ಸರ್ಕಾರಿ ದಾಖಲೆಗೆ ಹೋಗತೈತಿ. ಕೂಸು ಹುಟ್ಟಿದ ಮ್ಯಾಲ ಯು-ವಿನ್ (ಲಸಿಕೆ ದಾಖಲು ಮಾಡೋ ಸರ್ಕಾರಿ ಆನ್‌ಲೈನ್ ವ್ಯವಸ್ಥೆ) ಲಸಿಕೆ ಮೆಸೇಜ್ ಬರೋದೂ ಬರೆಸಿದ ನಂಬರಿಗೇ. ಗಂಡ ಗೋವಾದಾಗ ದುಡಿಯಾಕ ಹೋಗಿರ್ತಾನ, ಮೆಸೇಜ್ ಅಲ್ಲಿ ಅವನ ಕಿಸೆದಾಗ ಬೀಳತೈತಿ. ಅದಕ್ಕ ಮನ್ಯಾಗ ಉಳಿಯೋ ಫೋನಿನ ನಂಬರ್ ಕೊಡ್ರಿ. ಗುಂಡಿ ಒತ್ತೋ ಸಣ್ಣ ಫೋನಾದ್ರೂ ನಡೀತೈತಿ. ಸಿಮ್ ಬದಲಾದ್ರ ನಿಮ್ಮ ಆಶಾಗ ಅವತ್ತ ಹೇಳ್ರಿ.

ಬಸುರು ಅಂತ ಗೊತ್ತಾದ ಕೂಡಲೇ ತಾಯಿಯಿಂದ ಕೂಸಿಗೆ ದಾಟೋ ಮೂರು ಸೋಂಕಿನ ರಕ್ತಪರೀಕ್ಷೆ ಆಗಬೇಕು: ಎಚ್‌ಐವಿ, ಸಿಫಿಲಿಸ್ (ಲೈಂಗಿಕ ಸಂಪರ್ಕದಿಂದ ಹರಡೋ ರೋಗ), ಹೆಪಟೈಟಿಸ್ ಬಿ (ಯಕೃತ್ತಿನ ಸೋಂಕು). ಪ್ರತಿ ತಿಂಗಳು 9ಕ್ಕ ಸರ್ಕಾರಿ ದವಾಖಾನ್ಯಾಗ ಬಸುರಿಯರ ತಪಾಸಣೆ ಪುಕ್ಕಟೆ ಇರತೈತಿ. ಹಿಂದಿನ ದಿನ ಸಂಜಿಗೇ ಅಲಾರಾಂ ಇಡ್ರಿ.

ರಿಪೋರ್ಟ್ ಮಾತ್ರ ವಾಟ್ಸಾಪ್‌ದಾಗ ತರಿಸ್ಕೋಬ್ಯಾಡ್ರಿ, ಯಾರಿಗೂ ಕಳಸಬ್ಯಾಡ್ರಿ. ಆಪ್ತಸಮಾಲೋಚಕರ ಮುಂದ ಕುಂತು ಕೇಳ್ರಿ. ನಿಮ್ಮ ಒಪ್ಪಿಗೆ ಇಲ್ಲದ ಎಚ್‌ಐವಿ ವಿಷಯ ಮಂದಿಗೆ ಹೇಳಾಂಗಿಲ್ಲ ಅಂತ 2017ರ ಕಾಯ್ದೆನ ಐತಿ. ಮನ್ಯಾಗ ಒಂದ ಫೋನು ಮಾವನ ಕೈಯಾಗೂ ಹುಡುಗೂರ ಕೈಯಾಗೂ ಓಡ್ಯಾಡತಿರತೈತಿ. ಹಂಗಾಗಿ ಎಚ್‌ಐವಿ ಗುಳಿಗಿ ಅಲಾರಾಂಗ ಔಷಧದ ಹೆಸರು ಹಾಕಬ್ಯಾಡ್ರಿ, "ಹಾಲು" ಅಂತ ಬರೆದ್ರೂ ಸಾಕು. ಎಚ್‌ಐವಿ ಸಹಾಯವಾಣಿ 1097ಕ್ಕ ಮಾತಾಡಿದ ಮ್ಯಾಲ ಕಾಲ್ ಪಟ್ಟಿಯಿಂದ ಆ ನಂಬರ್ ಅಳಿಸ್ರಿ. ಈ ಎಚ್ಚರ ಅತಿಯಾತು ಅಂತ ನನಗ ಅನ್ನಿಸಂಗಿಲ್ಲ; ಮಂದಿ ಬಾಯಿಗೆ ಹೆದರಿ ಗುಳಿಗಿ ಬಿಡೋರು ಅದಾರ.

ಬಿಡಬ್ಯಾಡ್ರಿ. ಚಿಕಿತ್ಸೆ ಇಲ್ಲಂದ್ರ ಎಚ್‌ಐವಿ ಇರೋ ತಾಯಂದಿರ 100 ಕೂಸಿನ್ಯಾಗ 15ರಿಂದ 45ಕ್ಕ ಎಚ್‌ಐವಿ ದಾಟಬಹುದು. ದಿನಾ ತಪ್ಪದ ಗುಳಿಗಿ ತಗೊಂಡ್ರ ಅದು 5ಕ್ಕಿಂತ ಕೆಳಗ ಇಳಿತೈತಿ. ಸಿಫಿಲಿಸ್‌ಗೆ ಪೆನ್ಸಿಲಿನ್ ಸೂಜಿ. ಹೆರಿಗೆಗೆ ಕಡಿಮಿ ಅಂದ್ರೂ 30 ದಿನ ಮೊದಲ ಆಗಬೇಕು, ಗಂಡನಿಗೂ ಪರೀಕ್ಷೆ, ಚಿಕಿತ್ಸೆ ಆಗಬೇಕು.

ಕುಬುಸ ಮುಗಿಸಿ ತವರಿಗೆ ಹೊಂಟಾಗ ತಾಯಿ ಕಾರ್ಡ್ ಬ್ಯಾಗಿನ್ಯಾಗ ಮೊದಲ ಇಡ್ರಿ. ಫೋಟೋ ತಕ್ಕೊಂಡ್ರ ಲಾಕ್ ಇರೋ ಫೋನಿನ್ಯಾಗಷ್ಟ ಇರಲಿ. ಗದಗಿನ್ಯಾಗ ಹೆಸರು ಬರೆಸಿ ಹಾವೇರ್‍ಯಾಗ ಹಡೆದ್ರೂ ಯು-ವಿನ್‌ದಾಗ ಕೂಸಿನ ಲಸಿಕೆ ದಾಖಲು ಮಾಡಬಹುದು. ಹೆಪಟೈಟಿಸ್ ಬಿ ಮೊದಲ ಲಸಿಕೆ ಹುಟ್ಟಿದ 24 ತಾಸಿನೊಳಗ ಬೀಳಬೇಕು. ಆರನೇ ವಾರದ ಸೂಜಿ ಬ್ಯಾರೆ, ಅದು ಇದರ ಬದಲಿಗೆ ಆಗಂಗಿಲ್ಲ. ತಾಯಿಗೆ ಹೆಪಟೈಟಿಸ್ ಬಿ ಇದ್ರ ಲಸಿಕೆ ಜೋಡಿ ಕೂಸಿಗೆ ಇಮ್ಯುನೊಗ್ಲೋಬುಲಿನ್ನೂ (ಸೋಂಕು ತಡೆಯೋ ಸಿದ್ಧ ಪ್ರತಿಕಾಯದ ಸೂಜಿ) ಬೇಕು, ಆದಷ್ಟು 12 ತಾಸಿನೊಳಗ. ಹೆರಿಗೆ ವಾರ್ಡಿಗೆ ಕಾಲಿಟ್ಟ ಕೂಡಲೇ ಸಿಸ್ಟರ್‌ಗೆ ಸೋಂಕಿನ ವಿಷಯ ಹೇಳ್ರಿ.

ತಾಯಿಗೆ ಎಚ್‌ಐವಿ ಇದ್ರ ಹುಟ್ಟಿದ ದಿನಾನ ಕ್ಯಾಲೆಂಡರ್‌ನ್ಯಾಗ ಎರಡು ಗುರುತು ಹಾಕ್ರಿ: ಕೂಸಿಗೆ ಆರು ವಾರ ತುಂಬೋ ದಿನ, 18 ತಿಂಗಳು ತುಂಬೋ ದಿನ. ಮೊದಲನೇದಕ್ಕ ರಕ್ತಪರೀಕ್ಷೆ, ನಡುವನೂ ಕರೆದಾಗ ಹೋಗಬೇಕು. ಕಡೀ ಪರೀಕ್ಷೆ 18 ತಿಂಗಳಿಗೆ. ಮೊದಲನೇದು ಚಲೋ ಬಂತಂತ ಅಲ್ಲಿಗೇ ಬಿಡಬ್ಯಾಡ್ರಿ.