ಪ್ಯಾನ್‌ಕೇಕು ಬನ್ಸಿನ ತಂಗಿ

ಮಗಳಿಗೆ ಭಾನುವಾರ ಬೆಳಿಗ್ಗೆ ಪ್ಯಾನ್‌ಕೇಕ್ ಆಗಬೇಕು. ಒಂದೆರಡು ಸಲ ಪ್ಯಾಕೆಟ್ ಹಿಟ್ಟು ತಂದು ಮಾಡಿಕೊಟ್ಟೆ. ಮೂರನೇ ಸಲ ಎಲ್ಲ ನಾನೇ ಮಾಡುತ್ತೇನೆ ಅಂತ ಹೊರಟೆ. ನಮ್ಮ ರುಚಿ ಬರಲಿ ಎಂದು ಹಿಟ್ಟಿಗೆ ಗರಂ ಮಸಾಲೆ, ಚಾಟ್ ಮಸಾಲೆ, ಕೊತ್ತಂಬರಿ ಸೊಪ್ಪು ಎಲ್ಲ ಸುರಿದೆ. ಅವಳು ಒಂದು ತುಂಡು ಬಾಯಿಗಿಟ್ಟು, "ಅಮ್ಮಾ, ಇದು ಒಳಗೆ ಏನೂ ಇಲ್ಲದ ಸಮೋಸ" ಅಂದಳು. ತಟ್ಟೆ ಹಾಗೇ ಉಳಿಯಿತು.

ಸಂಜೆ ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಈ ಕತೆ ಹೇಳಿದೆ. ನಮ್ಮದು ಉಡುಪಿ ಕಡೆ. ಪ್ಯಾನ್‌ಕೇಕಿಗೆ ಎಂತ ಹಾಕ್ತಾರೆ ಅಂತ ಕೇಳಿದರು. ಮೈದಾ, ಹಾಲು, ಸಕ್ಕರೆ, ಸೋಡಾ, ಬೇಕಿದ್ದರೆ ಬಾಳೆಹಣ್ಣು ಅಂದೆ.

"ಅದು ಬನ್ಸ್ ಹಿಟ್ಟೇ ಅಲ್ವಾ ಮಾರಾಯ್ತಿ? ಸ್ವಲ್ಪ ನೀರು ಮಾಡಿ ಕಾವಲಿಗೆ ಹೊಯ್ಯುದು, ಅಷ್ಟೇ."

ಹೌದಲ್ಲ! ನಮ್ಮ ಕಡೆ ಬನ್ಸ್ ಅಂದರೆ ಬೇಕರಿಯದ್ದಲ್ಲ, ಬಾಳೆಹಣ್ಣು ಹಾಕಿ ಕಲಸಿ ಪೂರಿ ಹಾಗೆ ಕರಿಯುವ ತಿಂಡಿ. ಅಂದಿನಿಂದ ಮಸಾಲೆ ಡಬ್ಬಕ್ಕೆ ಕೈ ಹಾಕುವ ಮೊದಲು, ಈ ತಿಂಡಿಗೆ ನಮ್ಮ ಅಡುಗೆಮನೆಯಲ್ಲಿ ನೆಂಟರು ಯಾರಾದರೂ ಇದ್ದಾರಾ ಅಂತ ಹುಡುಕುತ್ತೇನೆ.

ಪ್ಯಾನ್‌ಕೇಕಿಗೆ ಈಗ ಹೀಗೆ ಮಾಡುತ್ತೇನೆ. ಸಿಪ್ಪೆ ಕಪ್ಪಾದ, ಯಾರೂ ತಿನ್ನದೆ ಬಿಟ್ಟ 2 ಬಾಳೆಹಣ್ಣನ್ನು 3 ಚಮಚ ಸಕ್ಕರೆ ಜೊತೆ ಕೈಯಲ್ಲೇ ಕಿವುಚಬೇಕು. ಅರ್ಧ ಕಪ್ ಹುಳಿ ಮೊಸರು, 1 ಚಮಚ ಜೀರಿಗೆ, ಚಿಟಿಕೆ ಉಪ್ಪು, 1 ಕಪ್ ಹಿಟ್ಟು. ನಾನು ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟು ಹಾಕುತ್ತೇನೆ. ಬನ್ಸ್ ಹಾಗೇ ಇದನ್ನೂ ರಾತ್ರಿ ಕಲಸಿಟ್ಟರೆ ರುಚಿ ಜಾಸ್ತಿ. ಆದರೆ ಸೋಡಾ ಮಾತ್ರ ಬೆಳಿಗ್ಗೆಯೇ. ಮೊಸರಿನ ಹುಳಿ ತಾಗಿದ ತಕ್ಷಣ ಸೋಡಾದಿಂದ ಗಾಳಿಗುಳ್ಳೆ ಏಳುತ್ತದೆ. ಇಂಥ ತೆಳು ಹಿಟ್ಟಿನಲ್ಲಿ ಅವು ಬೆಳಗಿನವರೆಗೆ ನಿಲ್ಲುವುದಿಲ್ಲ. ಕಾಲು ಚಮಚ ಸಾಕು. ಒಮ್ಮೆ ಧಾರಾಳವಾಗಿ ಹಾಕಿ, ಕಂದು ಬಣ್ಣದ ಸೋಪು ತಿಂದ ಹಾಗಾಗಿತ್ತು.

ಹಿಟ್ಟು ಸೆಟ್ ದೋಸೆ ಹಿಟ್ಟಿಗಿಂತ ಒಂಚೂರು ಗಟ್ಟಿ ಇರಲಿ. ಗಟ್ಟಿ ಜಾಸ್ತಿಯಾದರೆ ಎರಡು ಚಮಚ ಹಾಲು. ಉರಿ ಸಣ್ಣದೇ ಇರಬೇಕು, ಸಕ್ಕರೆ ಬಾಳೆಹಣ್ಣು ಎರಡೂ ಬೇಗ ಸೀಯುತ್ತವೆ. ಒಂದು ಸೌಟು ಹೊಯ್ದು ಸುಮ್ನೆ ಬಿಡಿ, ಹರಡಬೇಡಿ. ಮೇಲೆ ತೂತು ಬಿದ್ದು ಅಂಚು ಒಣಗಿದಾಗ ಮಗುಚಿ. ಬಿಸಿ ತಾಗಿದ ಜೀರಿಗೆಯ ಘಮ ಬರುತ್ತಲ್ಲ, ಆಗ ಮನೆಯಲ್ಲಿ ಕರೆಯದೆಯೇ ಎಲ್ಲರೂ ಎದ್ದು ಬರುತ್ತಾರೆ. ಮೇಪಲ್ ಸಿರಪ್ ಬದಲು ಜೋನಿ ಬೆಲ್ಲ. ನನಗಂತೂ ಖಾರದ ಕಾಯಿ ಚಟ್ನಿಯೇ ಬೇಕು.

ಫ್ರೆಂಚ್ ಟೋಸ್ಟಿಗೆ ನೆಂಟರನ್ನು ಹುಡುಕಲು ಸ್ವಲ್ಪ ಒದ್ದಾಡಿದೆ. ಮೊದಲು ಬಿಸಿ ಹಾಲಿಗೆ ಬೆಲ್ಲ ಹಾಕಿದೆ, ಹಾಲು ಒಡೆದುಹೋಯಿತು. ಪಾಯಸ ಮಾಡುವವರಿಗೆ ಇದು ಗೊತ್ತಿರುವ ವಿಷಯವೇ, ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಆಮೇಲೆ ಒತ್ತು ಶ್ಯಾವಿಗೆ ನೆನಪಾಯಿತು. ಅದನ್ನು ನಾವು ಬೆಲ್ಲ ಹಾಕಿದ ಕಾಯಿಹಾಲಿನ ಜೊತೆ ತಿನ್ನುತ್ತೇವೆ. ಬ್ರೆಡ್ಡಿಗೂ ಅದೇ ಸರಿ. 1 ಕಪ್ ದಪ್ಪ ಕಾಯಿಹಾಲು, 3 ಚಮಚ ಬೆಲ್ಲದ ಪುಡಿ, ಏಲಕ್ಕಿ, 2 ಚಮಚ ಅಕ್ಕಿ ಹಿಟ್ಟು. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ, ಅಕ್ಕಿ ಹಿಟ್ಟೇ ಹಿಡಿತ ಕೊಡುತ್ತದೆ, ಅಂಚು ಗರಿಗರಿ ಆಗುತ್ತದೆ. ಬ್ರೆಡ್ ನಿನ್ನೆಯದ್ದಾಗಿರಲಿ. ಇವತ್ತಿನ ಮೆತ್ತನೆ ಬ್ರೆಡ್ ಅದ್ದಿದರೆ ಕೈಯಲ್ಲೇ ಮುದ್ದೆಯಾಗುತ್ತದೆ. ಎರಡೂ ಬದಿ ಅದ್ದಿ ತೆಗೆದು, ತುಪ್ಪದಲ್ಲಿ ನಿಧಾನಕ್ಕೆ ಬೇಯಿಸಬೇಕು.

ಓಟ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರ ಮನೆಯಲ್ಲೂ ಉಪ್ಪಿಟ್ಟು ಆಗಿಬಿಟ್ಟಿದೆ. ಒಂದೇ ಮಾತು: ರವೆಗೆ ಹಾಕುವ ಹಾಗೆ ನೀರು ಕುದಿಸಿ ಹಾಕಿದರೆ ಅಂಟು ಮುದ್ದೆ ಗ್ಯಾರಂಟಿ. ಓಟ್ಸನ್ನು ಘಮ್ಮೆನ್ನುವವರೆಗೆ ಹುರಿದು, ಒಗ್ಗರಣೆಗೆ ಸೇರಿಸಿ, 1 ಕಪ್ಪಿಗೆ ಅರ್ಧ ಕಪ್ ನೀರನ್ನು ಚಿಮುಕಿಸುತ್ತಾ ಮುಚ್ಚಿ ಬೇಯಿಸಿ. "ಓಟ್ಸಿನಲ್ಲೂ ಉಪ್ಪಿಟ್ಟಾ?" ಅಂತ ಮೂಗು ಮುರಿಯುವ ನನ್ನ ಗಂಡನಿಗೆ ನಾನು ರವೆ ಇಡ್ಲಿ ನೆನಪಿಸುತ್ತೇನೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ಅದನ್ನು ಮಾಡಿದ್ದು ತಾವೇ ಅಂತ ಎಂಟಿಆರ್‌ನವರು ಹೇಳುತ್ತಾರೆ. ಈಗ ಅದನ್ನು ಯಾರು ಹೊಸ ತಿಂಡಿ ಅಂತಾರೆ?

ಕಾರ್ನ್‌ಫ್ಲೇಕ್ಸಿಗೆ ಮಾತ್ರ ಬೆಳಗಿನ ನೆಂಟರು ಸಿಕ್ಕಿಲ್ಲ. ಮೊಸರವಲಕ್ಕಿ ತರಹ ಮಾಡಲು ಹೋದೆ, ಎರಡೇ ನಿಮಿಷಕ್ಕೆ ಗಂಜಿಯಾಯಿತು. ಅಮ್ಮನನ್ನು ಕೇಳಿದೆ. "ಅದಕ್ಕೆ ಕಡಲೆಬೀಜ, ಕರಿಬೇವಿನ ಒಗ್ಗರಣೆ ಹಾಕಿ ಡಬ್ಬಿಗೆ ತುಂಬಿಸು. ಸಂಜೆ ಚಹಾಕ್ಕೆ ಆಯ್ತು" ಅಂದರು.