ಎಟ್ರುಸ್ಕನ್ ಕರಾವಳಿಯಲ್ಲಿ ಸೈಕಲ್: ಸದ್ದಿಲ್ಲದ ದಾರಿ ಹಿಡಿಯುವುದು ಹೇಗೆ?

ಕಳೆದ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಬಂದಿದ್ದ ಗೆಳೆಯರಿಬ್ಬರು ಚೇಚಿನಾ ಊರಿನ ಹೊರಗಿನಿಂದ ನನಗೆ ಫೋನ್ ಮಾಡಿದರು. ಲಾರಿಗಳ ಅಬ್ಬರದಲ್ಲಿ ಅವರ ಮಾತೇ ಕೇಳಿಸುತ್ತಿರಲಿಲ್ಲ. ಇಟಲಿಯ ಟಸ್ಕನಿ ಪ್ರಾಂತ್ಯದ ಹಳ್ಳಿದಾರಿಗಳನ್ನು ಕಾಣಲು ಬಂದವರು, ಸೈಕಲ್ಲಿಗೆ ಪ್ರವೇಶವೇ ಇಲ್ಲದ ಚತುಷ್ಪಥ ರಸ್ತೆಯ ಅಂಚಿನಲ್ಲಿ ಕಂಗಾಲಾಗಿ ನಿಂತಿದ್ದರು. ಪೀಸಾದಲ್ಲಿ ನೆಲೆಸಿದ ಮೇಲೆ ಇಂಥ ಕರೆ ನನಗೆ ಬಂದಿದ್ದು ಅದೇ ಮೊದಲಲ್ಲ. ಎಲ್ಲರೂ ತಪ್ಪುವುದು ಒಂದೇ ಕಡೆ, ದಾರಿ ಆರಿಸುವಲ್ಲಿ. ಆದ್ದರಿಂದ ಈ ಲೇಖನದ ಹೆಚ್ಚು ಪಾಲು ಅದಕ್ಕೇ ಮೀಸಲು.

ಇಟಲಿಯ ಪಶ್ಚಿಮ ತೀರದಲ್ಲಿ, ಲಿವೋರ್ನೊದಿಂದ ದಕ್ಷಿಣಕ್ಕೆ ಪಿಯೊಂಬಿನೊವರೆಗಿನ ಪಟ್ಟಿಗೆ ‘ಕೋಸ್ತಾ ದೆಲ್ಲಿ ಎತ್ರುಸ್ಕಿ’, ಅಂದರೆ ಎಟ್ರುಸ್ಕನ್ನರ ಕರಾವಳಿ ಎಂದು ಹೆಸರು. ರೋಮನ್ನರಿಗಿಂತ ಮೊದಲು ಇಲ್ಲಿ ಬಾಳಿದವರು ಎಟ್ರುಸ್ಕನ್ನರು. ಮೂರು ದಿನ, ಮರಳಲು ಇನ್ನೊಂದು ಬೆಳಿಗ್ಗೆ ಬಿಡುವಿದ್ದರೆ ಈ ಸೀಮೆಯನ್ನು ನಿಧಾನವಾಗಿ ತುಳಿದು ನೋಡಬಹುದು.

ಕಾಲ ಮತ್ತು ಸೈಕಲ್

ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆ. ಆಗಸ್ಟ್‌ನಲ್ಲಿ ಹೋಗಲೇಬೇಡಿ, ಇಡೀ ಇಟಲಿ ಕಡಲ ಕಡೆಗೆ ಕಾರು ಹತ್ತಿರುತ್ತದೆ.

ಸೈಕಲ್ಲನ್ನು ಬಾಡಿಗೆಗೆ ತೆಗೆದುಕೊಳ್ಳಿ, ಊರಿನಿಂದ ಹೊತ್ತು ತರಬೇಡಿ. ಟೈರ್ 38 ಮಿಲಿಮೀಟರ್ ಅಗಲದ್ದಿರಲಿ, ಅದಕ್ಕಿಂತ ಕಡಿಮೆ ಬೇಡ. ಏರುದಾರಿಗೆ ಹಗುರ ಗೇರ್ ಇರಲಿ. ಬೆನ್ನಿಗೆ ಚೀಲ ಕಟ್ಟಿಕೊಳ್ಳದೆ, ಕ್ಯಾರಿಯರ್‌ನ ಎರಡೂ ಬದಿಗೆ ತೂಗುವ ಚೀಲಗಳಲ್ಲಿ ಸಾಮಾನು ತುಂಬಿ. ಸೀಟಿನ ಮೇಲೆ ಹಾಕುವ ಮೆತ್ತನೆಯ ಜೆಲ್ ಹೊದಿಕೆಗೆ ದುಡ್ಡು ಕೊಡಬೇಡಿ: ಏರಿನಲ್ಲಿ ಅದು ಪಕ್ಕಕ್ಕೆ ಜಾರುತ್ತದೆ, ತೊಡೆಯ ಚರ್ಮ ಸುಲಿಯುತ್ತದೆ. ಒಳಗೆ ಪ್ಯಾಡ್ ಇರುವ ಚಡ್ಡಿಯೇ ಸರಿಯಾದ ಉಪಾಯ. ಎರಡು ಹೆಚ್ಚುವರಿ ಟ್ಯೂಬ್ ಇಟ್ಟುಕೊಳ್ಳಿ. ನಮ್ಮ ಹೊಲದ ಬದುಗಳಲ್ಲಿ ಕಾಲಿಗೆ ಚುಚ್ಚುವ ನೆಗ್ಗಿನಮುಳ್ಳು ಅಲ್ಲಿನ ಮರಳು ದಾರಿಗಳಲ್ಲೂ ಬೆಳೆಯುತ್ತದೆ.

ದಾರಿ ಆರಿಸುವುದು

ಮೊದಲು ಈ ನೆಲ ಹೇಗೆ ಹಾಸಿದೆ ಎಂಬುದು ಮನಸ್ಸಿನಲ್ಲಿ ಕೂರಬೇಕು. ಕಡಲಿನಿಂದ ಬೆಟ್ಟದ ಕಡೆಗೆ ನಾಲ್ಕು ಪಟ್ಟಿಗಳಿವೆ. ಮೊದಲನೆಯದು ಮರಳ ದಂಡೆ ಮತ್ತು ಅದರ ಬೆನ್ನಿಗಿರುವ ಪೈನ್ ತೋಪು. ಎರಡನೆಯದು ಸಮತಟ್ಟಾದ ಬಯಲು. ಮೂರನೆಯದು ಬೆಟ್ಟದ ಬುಡ, ದ್ರಾಕ್ಷಿ ಮತ್ತು ಆಲಿವ್ ತೋಟಗಳ ಸೀಮೆ. ನಾಲ್ಕನೆಯದು ಓಕ್ ಮತ್ತು ಚೆಸ್ಟ್‌ನಟ್ ಮರಗಳ ಬೆಟ್ಟದ ಕಾಡು.

ಬಯಲು ಒಂದು ಕಾಲಕ್ಕೆ ಮಲೇರಿಯಾ ಕಾಡುತ್ತಿದ್ದ ಜೌಗು. 19ನೇ ಶತಮಾನದಲ್ಲಿ ಟಸ್ಕನಿಯ ದೊರೆ ಎರಡನೆಯ ಲಿಯೊಪೋಲ್ಡ್ ಕಾಲದಲ್ಲಿ ಕಾಲುವೆ ತೋಡಿ ಅದನ್ನು ಒಣಗಿಸುವ ಕೆಲಸ ಭರದಿಂದ ನಡೆಯಿತು. ಜನ ಜೌಗಿಗೆ ಹೆದರಿ ಎತ್ತರದಲ್ಲಿ ಬಾಳಿದ್ದರಿಂದ ಹಳೆಯ ಊರುಗಳೆಲ್ಲ ಬೆಟ್ಟದ ಮೇಲಿವೆ. ಆಮೇಲೆ ಬಂದ ವೇಗದ ಸಾರಿಗೆಯೆಲ್ಲ ಬಯಲಿಗೆ ಇಳಿಯಿತು. ರೈಲು ಅಲ್ಲಿದೆ, ಹಳೆಯ ಔರೇಲಿಯಾ ರಸ್ತೆ ಅಲ್ಲಿದೆ, ಅದಕ್ಕೆ ಬದಲಿಯಾಗಿ ಕಟ್ಟಿದ ಚತುಷ್ಪಥವೂ ಅಲ್ಲಿದೆ. ಇಷ್ಟು ತಿಳಿದರೆ ಸದ್ದಿಲ್ಲದ ದಾರಿ ತಾನಾಗಿಯೇ ಕಾಣುತ್ತದೆ: ಬಯಲನ್ನು ಅಡ್ಡಲಾಗಿ ದಾಟಿ, ಆದರೆ ಅದರ ಉದ್ದಕ್ಕೂ ಸಾಗಬೇಡಿ. ಉತ್ತರ–ದಕ್ಷಿಣವಾಗಿ ಹೋಗುವಾಗ ಬೆಟ್ಟದ ಬುಡದಲ್ಲೋ ಕಾಡಿನಲ್ಲೋ ಇರಿ.

ಔರೇಲಿಯಾ ಎಂಬ ಹೆಸರೇ ಮೋಸ ಮಾಡುವುದು. ಕ್ರಿ.ಪೂ. 3ನೇ ಶತಮಾನದ ರೋಮನ್ ದಾರಿಯ ಹೆಸರದು. ಈಗ ಅದೇ ಹೆಸರನ್ನು ಹಳೆಯ ದ್ವಿಪಥ ರಸ್ತೆಯೂ ಹೊತ್ತಿದೆ, ಹೊಸ ಚತುಷ್ಪಥವೂ ಹೊತ್ತಿದೆ. ಫಲಕದ ಹೆಸರು ನೋಡಬೇಡಿ, ಬಣ್ಣ ಮತ್ತು ಚಿತ್ರ ನೋಡಿ. ಹಸಿರು ಫಲಕ ಟೋಲ್ ಹೆದ್ದಾರಿಯದು. ನೀಲಿ ಫಲಕ ಊರ ಹೊರಗಿನ ರಸ್ತೆಯದು. ಆದರೆ ನೀಲಿ ಚೌಕದೊಳಗೆ ಬಿಳಿ ಕಾರಿನ ಚಿತ್ರ ಕಂಡರೆ ಅದು ಚತುಷ್ಪಥದ ಬಾಗಿಲು. ಅಲ್ಲೇ ಇಳಿದು ಹಿಂದಿರುಗಿ. ನನ್ನ ಗೆಳೆಯರು ಆ ಚಿತ್ರವನ್ನು ನೋಡಿದ್ದರು, ಅರ್ಥ ಮಾಡಿಕೊಂಡಿರಲಿಲ್ಲ.

ಇನ್ನು ಮೊಬೈಲ್ ನಕ್ಷೆ. ಎರಡು ಊರುಗಳ ಹೆಸರು ಕೊಟ್ಟು ‘ಸೈಕಲ್’ ಒತ್ತಿದರೆ ಅದು ಹತ್ತಿರದ ದಾರಿಯ ಕಡೆಗೇ ವಾಲುತ್ತದೆ. ಒಂದೋ ಹಳೆಯ ಔರೇಲಿಯಾದ ಮೇಲೆ ಲಾರಿಗಳ ಜೊತೆ ಓಡಿಸುತ್ತದೆ, ಇಲ್ಲವೇ ಯಾರದೋ ದ್ರಾಕ್ಷಿ ತೋಟದ ಬೀಗ ಹಾಕಿದ ಗೇಟಿನ ಮುಂದೆ ನಿಲ್ಲಿಸುತ್ತದೆ. ‘ಪ್ರೊಪ್ರಿಯೆತಾ ಪ್ರಿವಾತಾ’ ಎಂದು ಬರೆದಿದ್ದರೆ ಖಾಸಗಿ ಜಾಗ ಎಂದರ್ಥ, ಒಳಗೆ ಹೋಗಬೇಡಿ. ಆದ್ದರಿಂದ ಮೂರು ನಾಲ್ಕು ಕಿಲೋಮೀಟರಿಗೊಂದು ಬಿಂದು ಇಟ್ಟು, ದಾರಿಯನ್ನು ನೀವೇ ಎಳೆದು ಕೂರಿಸಿ. ಬಳಿಕ ಪ್ರತಿ ತುಂಡಿನ ರಸ್ತೆಯ ಫೋಟೊ ತೆರೆದು ನೋಡಿ. ನಡುವೆ ಬಿಳಿ ಗೆರೆ ಇಲ್ಲದ ಡಾಂಬರು ರಸ್ತೆಯಾದರೆ ಕಣ್ಣು ಮುಚ್ಚಿ ಆರಿಸಿ. ಅಲ್ಲಿ ವಾಹನ ವಿರಳ. ನಡುಗೆರೆಯ ಜೊತೆ ಅಂಚಿಗೆ ಕಬ್ಬಿಣದ ತಡೆಯೂ ಇದ್ದರೆ ಬಿಟ್ಟುಬಿಡಿ. ಚತುಷ್ಪಥವನ್ನು ದಾಟುವ ಕಡೆ ಕೆಳಸೇತುವೆಯೋ ಮೇಲ್ಸೇತುವೆಯೋ ಇದೆಯೇ ಎಂದು ಒಂದೊಂದನ್ನೂ ಪರೀಕ್ಷಿಸಿ. ಈ ಕೆಲಸಕ್ಕೆ ಮನೆಯಲ್ಲಿ ಒಂದು ಸಂಜೆ ಹಿಡಿಯುತ್ತದೆ. ಆ ಸಂಜೆಯನ್ನು ಉಳಿಸಲು ಹೋದವರೇ ರಸ್ತೆಬದಿಯಿಂದ ನನಗೆ ಫೋನ್ ಮಾಡಿದವರು.

ಬಿಳಿ ಮಣ್ಣಿನ ಕಚ್ಚಾರಸ್ತೆಗಳು ಒಣಗಿದ್ದಾಗ ಸೊಗಸು. ಮಳೆ ಬಿದ್ದ ಮಾರನೆಯ ದಿನ ಬಯಲಿನ ಜೇಡಿಮಣ್ಣು ನಮ್ಮ ಎರೆಮಣ್ಣಿನಂತೆಯೇ ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ ಉರುಳದಂತೆ ಮಾಡುತ್ತದೆ. ಆಗ ಡಾಂಬರೇ ಗತಿ.

ಬಲಬದಿ ಮತ್ತು ಬ್ರೇಕ್

ಅಲ್ಲಿ ಸಂಚಾರ ಬಲಬದಿಗೆ. ನೇರ ರಸ್ತೆಯಲ್ಲಿ ಇದು ತೊಡಕಲ್ಲ. ಖಾಲಿ ರಸ್ತೆಯಲ್ಲಿ ನಿಂತು, ನೀರು ಕುಡಿದು, ಮತ್ತೆ ಹೊರಡುವಾಗ ಅಭ್ಯಾಸಬಲದಿಂದ ಎಡಕ್ಕೆ ಹೋಗುತ್ತೇವೆ. ಪ್ರತಿ ಸಲ ಹೊರಡುವ ಮುಂಚೆ ‘ಬಲಕ್ಕೆ’ ಎಂದು ಬಾಯಿಬಿಟ್ಟು ಹೇಳಿಕೊಳ್ಳಿ. ಕನ್ನಡಿಯನ್ನು ಎಡಹ್ಯಾಂಡಲ್‌ಗೆ ಕಟ್ಟಿಸಿ, ಹಿಂದಿನ ವಾಹನ ದಾಟುವುದು ಆ ಕಡೆಯಿಂದ.

ಇದಕ್ಕಿಂತ ಅಪಾಯದ ಸಂಗತಿಯನ್ನು ಬಾಡಿಗೆ ಅಂಗಡಿಯವರು ಹೇಳುವುದಿಲ್ಲ. ನಮ್ಮ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರದ್ದು. ಅಲ್ಲಿ ಸಾಮಾನ್ಯವಾಗಿ ಎಡಗೈಯದು. ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಎಂದುಕೊಂಡು ಎಡಗೈ ಬಿಗಿದ ನನ್ನ ಸಹೋದ್ಯೋಗಿಯೊಬ್ಬರು ಹ್ಯಾಂಡಲ್ ಮೇಲಿಂದ ಹಾರಿ ಬಿದ್ದು ಮುಂಗೈ ಮೂಳೆ ಮುರಿದುಕೊಂಡರು. ಅಂಗಡಿಯ ಅಂಗಳದಲ್ಲೇ ಹತ್ತು ಸುತ್ತು ಹಾಕಿ, ಒಂದೊಂದು ಬ್ರೇಕನ್ನೂ ಬೇರೆ ಬೇರೆಯಾಗಿ ಹಿಡಿದು ನೋಡಿ. ಕತ್ತಲಾದ ಮೇಲೆ ಊರ ಹೊರಗೆ ದೀಪದ ಜೊತೆಗೆ ಮಿನುಗುವ ಜಾಕೆಟ್ ಕಡ್ಡಾಯ.

ಮೂರು ದಿನದ ದಾರಿ

ಪೀಸಾದಿಂದ ಪ್ರಾದೇಶಿಕ ರೈಲಿನಲ್ಲಿ ಚೇಚಿನಾಕ್ಕೆ ಬನ್ನಿ. ಸೈಕಲ್ಲಿಗೆ ಪ್ರತ್ಯೇಕ ಟಿಕೆಟ್ ಬೇಕು. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹಾಕಿಸಿ.

ಮೊದಲ ದಿನ ಸಾನ್ ಗ್ವಿದೊ ಎಂಬಲ್ಲಿನ ಚಿಕ್ಕ ಪ್ರಾರ್ಥನಾ ಮಂದಿರದವರೆಗೆ. ಅಲ್ಲಿಂದ ಬೋಲ್ಗೆರಿಗೆ ಸುಮಾರು 5 ಕಿಲೋಮೀಟರ್ ನೇರ ರಸ್ತೆ, ಇಕ್ಕೆಲದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೈಪ್ರೆಸ್ ಮರಗಳು. 1906ರಲ್ಲಿ ನೊಬೆಲ್ ಪಡೆದ ಕವಿ ಜೊಸುಯೆ ಕಾರ್ದುಚ್ಚಿ ಬಾಲ್ಯ ಕಳೆದದ್ದು ಇಲ್ಲೇ. ಬೆಳಿಗ್ಗೆ ಎಂಟರೊಳಗೆ ಈ ಸಾಲಿನಲ್ಲಿರಿ; ಆಮೇಲೆ ಫೋಟೊ ತೆಗೆಯಲು ಕಾರುಗಳು ನಿಲ್ಲುತ್ತವೆ. ಬೋಲ್ಗೆರಿಯಿಂದ ಬೆಟ್ಟದ ಬುಡ ಹಿಡಿದು ಹೋಗುವ ವಿಯಾ ಬೋಲ್ಗೆರೇಸೆ ಈ ಸೀಮೆಯ ಅತ್ಯುತ್ತಮ ರಸ್ತೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಎಡಕ್ಕೆ ಬೆಟ್ಟ, ಬಲಕ್ಕೆ ದ್ರಾಕ್ಷಿ ಸಾಲು, ಅದರಾಚೆ ಕಡಲು. ಕೊನೆಗೊಂದು ಏರು ಹತ್ತಿದರೆ, 1907ರಲ್ಲಿ ಕವಿಯ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡ ಕಾಸ್ತಾನ್ಯೆತೊ ಕಾರ್ದುಚ್ಚಿ. ಅಲ್ಲೇ ತಂಗಿ.

ಎರಡನೆಯ ದಿನ ಸಸ್ಸೆತ್ತಾ ಮೂಲಕ ಸುವೆರೆತೊ. ಏರು ಉದ್ದ, ಆದರೆ ಕಡಿದಲ್ಲ, ಕಾಡಿನ ನೆರಳಿದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಗಳು ಮುಚ್ಚಿರುತ್ತವೆ, ಬೆಳಿಗ್ಗೆಯೇ ಬುತ್ತಿ ಕಟ್ಟಿಕೊಳ್ಳಿ. ಸಸ್ಯಾಹಾರಿಗಳಿಗೆ ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ ಕಲಸಿ ಒಲೆಯಲ್ಲಿ ಬೇಯಿಸುವ ‘ತೋರ್ತಾ’ ಇದೆ. ಬಿಸಿಯಾಗಿದ್ದಾಗ ಬ್ರೆಡ್ಡಿನ ನಡುವೆ ಇಟ್ಟು ತಿನ್ನಿ.

ಮೂರನೆಯ ದಿನ ಬಯಲನ್ನು ಅಡ್ಡಲಾಗಿ ದಾಟಿ ಬರಾತ್ತಿ ಕೊಲ್ಲಿಗೆ. ಪಿಯೊಂಬಿನೊ ಬಂದರಿಗೆ ಹೋಗುವ ಮುಖ್ಯ ರಸ್ತೆಯನ್ನು ಮುಟ್ಟಬೇಡಿ, ಎಲ್ಬಾ ದ್ವೀಪದ ಹಡಗು ಹಿಡಿಯುವ ವಾಹನಗಳೆಲ್ಲ ಅಲ್ಲೇ ಧಾವಿಸುತ್ತವೆ. ಕಾಲುವೆ ಪಕ್ಕದ ಚಿಕ್ಕ ರಸ್ತೆಗಳನ್ನೇ ಹುಡುಕಿ.

ಬರಾತ್ತಿಯ ಮೇಲಿನ ಗುಡ್ಡದಲ್ಲಿ ಪೋಪುಲೋನಿಯಾ ಇದೆ. ಎಟ್ರುಸ್ಕನ್ನರ ದೊಡ್ಡ ನಗರಗಳಲ್ಲಿ ಕಡಲಿಗೇ ತಾಗಿಕೊಂಡು ಬೆಳೆದದ್ದು ಇದೊಂದೇ. ಎದುರಿನ ಎಲ್ಬಾದಿಂದ ಕಬ್ಬಿಣದ ಅದಿರು ತಂದು ಇಲ್ಲಿ ಕರಗಿಸುತ್ತಿದ್ದರು. ಶತಮಾನಗಳ ಕಾಲ ಕುಲುಮೆಯಿಂದ ಹೊರಬಿದ್ದ ಕಿಟ್ಟ ರಾಶಿಯಾಗಿ ಅವರದೇ ಹಿರಿಯರ ಸಮಾಧಿಗಳನ್ನು ಮುಚ್ಚಿಹಾಕಿತು. 20ನೇ ಶತಮಾನದ ಆರಂಭದಲ್ಲಿ ಆ ಕಿಟ್ಟದಲ್ಲಿ ಉಳಿದಿದ್ದ ಕಬ್ಬಿಣಕ್ಕಾಗಿ ಮತ್ತೆ ಅಗೆದಾಗ ಗೋರಿಗಳು ಹೊರಬಂದವು. ರಥಗಳು ದೊರೆತ ಸಮಾಧಿಯ ದಿಬ್ಬ 28 ಮೀಟರ್ ವ್ಯಾಸದ್ದು. ಅದರ ಮುಂದೆ ನಿಂತಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅದಿರು ಕರಗಿಸುವ ಕಸುಬು ಈ ತೀರವನ್ನು ಬಿಟ್ಟುಹೋದದ್ದು ತೀರಾ ಈಚೆಗೆ: ಪಿಯೊಂಬಿನೊದ ಊದುಕುಲುಮೆ ಆರಿದ್ದು 2014ರಲ್ಲಿ.

ಈ ಸಮಾಧಿಗಳಿರುವ ಜಾಗ ಈಗ ಪುರಾತತ್ವ ಉದ್ಯಾನ. ಸೈಕಲ್ಲನ್ನು ಅದರ ಬಾಗಿಲಲ್ಲಿ ಬೀಗ ಹಾಕಿ, ಅರ್ಧ ದಿನ ನಡೆಯಿರಿ. ಗುಡ್ಡದ ಮೇಲಿನ ಊರಿಗೆ ಸುಮಾರು 180 ಮೀಟರ್ ಏರಬೇಕು. ಸಾಮಾನು ಕೆಳಗಿನ ವಸತಿಯಲ್ಲಿಟ್ಟು ಹತ್ತಿ. ಸಂಜೆ ಕಡಲದಂಡೆಗೆ ಇಳಿದರೆ ಮರಳು ಕಪ್ಪಗೆ ಮಿನುಗುವುದು ಕಾಣುತ್ತದೆ, ಅದು ಕಬ್ಬಿಣದ ಕಣ. ಚೈನಿಗೆ ಹತ್ತಿದರೆ ಅರೆದುಬಿಡುತ್ತದೆ. ಸೈಕಲ್ಲನ್ನು ಮರಳಿಗೆ ಇಳಿಸದೆ ರಸ್ತೆಯಲ್ಲೇ ನಿಲ್ಲಿಸಿ.

ಮರಳುವ ರೈಲಿಗೆ ಸಾನ್ ವಿಂಚೆಂಜೊ ನಿಲ್ದಾಣವೇ ಒಳ್ಳೆಯದು. ಪೈನ್ ತೋಪಿನ ನಡುವಿನ ಪ್ರಿಂಚಿಪೆಸ್ಸಾ ರಸ್ತೆ ಉತ್ತರಕ್ಕೆ ಅಲ್ಲಿಗೇ ಒಯ್ಯುತ್ತದೆ. ಮಧ್ಯಾಹ್ನದ ನಂತರ ವಾಯವ್ಯದ ಗಾಳಿ ಎದುರಾಗುವುದುಂಟು. ನಾಲ್ಕನೆಯ ದಿನ ಬೆಳಿಗ್ಗೆ, ಕಾಫಿ ಕುಡಿದ ಕೂಡಲೇ ಹೊರಡಿ.