ಅಂಗಳಕ್ಕೊಂದು ತಿರುಗುವ ಹೂವಿನ ತೊಟ್ಟಿಲು

ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ತಿರುಗುವ ದೊಡ್ಡ ತೊಟ್ಟಿಲಿನ ಮಾದರಿಯನ್ನು ಅಂಗಳದಲ್ಲಿ ಹೂಕುಂಡಗಳಿಗಾಗಿ ಮಾಡಬಯಸುವವರಿಗೆ ಈ ಸಲಹೆ.

ಗುಜರಿ ಅಂಗಡಿಯಲ್ಲಿ ಒಂದೇ ಅಳತೆಯ ಎರಡು ಹಳೆಯ ಸೈಕಲ್ ಚಕ್ರಗಳನ್ನು ಆರಿಸಿಕೊಳ್ಳಿ. 28 ಇಂಚಿನವು ಉತ್ತಮ. ನೆಲಕ್ಕಿಟ್ಟು ಉರುಳಿಸಿ ನೋಡಿ. ಸೊಟ್ಟಗಿದ್ದರೆ ಬೇಡವೇ ಬೇಡ. ಎರಡನ್ನೂ ಎದುರುಬದುರು ನಿಲ್ಲಿಸಿ, ಅಂಚಿನಲ್ಲಿ ಸಮ ಅಂತರದ ಆರು ಕಡೆ ಸರಳು ಕೂಡಿಸಿ ವೆಲ್ಡಿಂಗ್ ಮಾಡಿಸಿ. ಕುಂಡಗಳು ತೂಗುವುದು ಈ ಸರಳುಗಳಿಗೆ.

ಇಡೀ ಕೆಲಸದ ಜೀವ ಇರುವುದು ತೂಗುವ ರೀತಿಯಲ್ಲಿ. ಕೊಕ್ಕೆ ಸರಳಿನ ಮೇಲೆ ಸಡಿಲವಾಗಿ ಹೊರಳಬೇಕು, ಬಿಗಿದು ಕಟ್ಟಬಾರದು. ಆಗ ಕುಂಡದ ಭಾರವೇ ಅದನ್ನು ಸದಾ ನೆಟ್ಟಗೆ ನಿಲ್ಲಿಸುತ್ತದೆ. ಕೊಕ್ಕೆಯಿಂದ ಕುಂಡದ ತಳದವರೆಗಿನ ಉದ್ದ ಒಂದು ಗೇಣಿಗಿಂತ ಕಡಿಮೆ ಇರಲಿ, ಇಲ್ಲವಾದರೆ ನಡುವಿನ ಅಚ್ಚಿಗೆ ತಾಗುತ್ತದೆ. ಆರೂ ಕುಂಡಗಳ ತೂಕ ಸಮವಾಗಿರಲಿ. ನೀರನ್ನೂ ಸಮವಾಗಿ ಹಾಕಿ. ಒಂದು ಹೆಚ್ಚು ನೆನೆದರೂ ಚಕ್ರ ಆ ಕಡೆಗೇ ವಾಲುತ್ತದೆ.

ನಮ್ಮ ಎರೆಮಣ್ಣು ಇದಕ್ಕೆ ಸಲ್ಲದು. ನೆನೆದರೆ ಭಾರ, ಒಣಗಿದರೆ ಬಿರುಕು. ತೆಂಗಿನ ನಾರಿನ ಪುಡಿಗೆ ಎರೆಹುಳು ಗೊಬ್ಬರ ಬೆರೆಸಿ ತುಂಬಿ. ಬಾಗಲಕೋಟೆಯ ಬಿಸಿಲಿಗೆ ಟೇಬಲ್ ರೋಸ್‌ನಷ್ಟು ಒಗ್ಗುವ ಹೂವು ಕಡಿಮೆ.

ಆಷಾಢದ ಗಾಳಿಯನ್ನು ಮರೆಯಬೇಡಿ. ಚಕ್ರಗಳ ಅಚ್ಚನ್ನು ಹೊರುವ ಚೌಕ ಪೈಪಿನ ಕಾಲುಗಳನ್ನು ಕಾಂಕ್ರೀಟಿನಲ್ಲಿ ಹೂಳಿಸಿ, ಬಣ್ಣಕ್ಕೆ ಮೊದಲು ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿಯಿರಿ. ಮಕ್ಕಳಿರುವ ಮನೆಯಲ್ಲಿ ಚಕ್ರಕ್ಕೊಂದು ಚಿಲಕ ಇರಲೇಬೇಕು, ಬೆರಳು ಸಿಕ್ಕಿಕೊಳ್ಳುವ ಅಪಾಯವಿದೆ. ವಾರಕ್ಕೊಮ್ಮೆ ನೀವೇ ಚಿಲಕ ತೆಗೆದು ಅರ್ಧ ಸುತ್ತು ತಿರುಗಿಸಿ, ಎಲ್ಲ ಗಿಡಗಳಿಗೂ ಬಿಸಿಲು ಸಿಗಲಿ.